ಈ ಕಡೆ ಅಗಿಯಬೇಡ

ಕಾಳುಮೆಣಸಿನ ರೇಟು ತಿಳಿಯಲೆಂದು ನಾವು ಒಂದಷ್ಟು ಜನ ಸೇರಿಕೊಂಡಿರುವ ವಾಟ್ಸಾಪ್ ಗುಂಪೊಂದಿದೆ. ಕಳೆದ ತಿಂಗಳು ಒಂದು ಬೆಳಿಗ್ಗೆ ಅದರಲ್ಲಿ, ಮೆಣಸಿನ ರೇಟಿಗೂ ಯಾರದೋ ತೋಟದಲ್ಲಿ ಬಿದ್ದ ಮಳೆಯ ಇಂಚಿಗೂ ನಡುವೆ, ನಮ್ಮ ಹಲ್ಲಿನ ಡಾಕ್ಟರಮ್ಮನ ಫೋಟೋ ಬಂತು. ಕೆಳಗೆ ‘ಇನ್ನಿಲ್ಲ’ ಎಂದಿತ್ತು. ಮಧ್ಯಾಹ್ನದ ಹೊತ್ತಿಗೆ ಕೈಮುಗಿದ ಚಿತ್ರಗಳು ಸಾಲುಗಟ್ಟಿದವು. ‘ನನ್ನ ಬಾಯಲ್ಲಿ ಉಳಿದಿರುವ ಹಲ್ಲೆಲ್ಲ ಅವರ ಕೃಪೆ’ ಎಂದು ಒಬ್ಬರು ಬರೆದರು. ‘ಬಾಯಿ ಜೋರು, ಕೈ ಮೆತ್ತಗೆ’ ಎಂದು ಇನ್ನೊಬ್ಬರು. ನಾನೂ ಏನಾದರೂ ಬರೆಯೋಣವೆಂದು ಹೊರಟೆ, ಆಗಲಿಲ್ಲ. ಅವರು ಬದುಕಿದ್ದಾಗ ಹೇಳಬೇಕಾಗಿದ್ದ ಒಂದು ಮಾತನ್ನು ನಾನು ಹೇಳದೆ ಉಳಿಸಿಕೊಂಡವನು. ಹೇಳಿದ್ದರೆ ಅವರ ಕೊನೆಯ ಎರಡು ವರ್ಷವಾದರೂ ನೆಮ್ಮದಿಯಾಗಿ ಕಳೆಯುತ್ತಿತ್ತು. ಅದನ್ನೆಲ್ಲ ಮೆಣಸಿನ ರೇಟಿನ ಕೆಳಗೆ ಬರೆಯುವುದು ಹೇಗೆ?

ನಾನು ಕಾಫಿ ಎಸ್ಟೇಟಿನಲ್ಲಿ ರೈಟರು. ರೈಟರ್ ಎಂದ ಕೂಡಲೇ ಕಥೆ ಕವಿತೆ ಬರೆಯುವವನೆಂದು ಹೊರಗಿನವರು ತಿಳಿಯುತ್ತಾರೆ. ನಾನು ಬರೆಯುವುದು ಆಳುಗಳ ಹಾಜರಿ. ಬೆಳಿಗ್ಗೆ ಹೆಸರು ಕರೆಯುವುದು, ಯಾರು ಯಾವ ಕೆಲಸಕ್ಕೆ ಎಂದು ಮೇಸ್ತ್ರಿಗೆ ಹೇಳುವುದು, ಯಾರಿಗಾದರೂ ಜ್ವರವೋ ನೋವೋ ಬಂದರೆ ಜೀಪು ಹತ್ತಿಸಿ ಕಳಸಕ್ಕೆ ಕರೆದುಕೊಂಡು ಹೋಗುವುದು. ಹಾಗಾಗಿ ಕಳಸದ ಡಾಕ್ಟರುಗಳೆಲ್ಲ ನನಗೆ ಪರಿಚಯ. ಆದರೆ ಹಲ್ಲಿನ ಕ್ಲಿನಿಕ್ಕಿನ ಮೆಟ್ಟಿಲು ಮಾತ್ರ ನಾನು ಬಹಳ ವರ್ಷ ಹತ್ತಿರಲಿಲ್ಲ. ಆಳುಗಳನ್ನು ಮೇಲೆ ಕಳಿಸಿ ಕೆಳಗೆ ಗೊಬ್ಬರದ ಅಂಗಡಿಯ ಮುಂದೆ ನಿಂತಿರುತ್ತಿದ್ದೆ. ಅಲ್ಲಿಗೂ ಹಲ್ಲು ಕೊರೆಯುವ ಮಿಷನ್ನಿನ ಶಬ್ದ ಇಳಿದು ಬರುತ್ತಿತ್ತು. ಕೇಳಿದ ಕೂಡಲೇ ನಾಲಿಗೆ ತಾನಾಗಿ ನನ್ನ ಕೆಳದವಡೆಯ ತೂತಿನ ಹಲ್ಲನ್ನು ಮುಟ್ಟಿ ನೋಡುತ್ತಿತ್ತು. ಲವಂಗ ಇಟ್ಟುಕೊಂಡು, ಉಪ್ಪುನೀರು ಮುಕ್ಕಳಿಸಿಕೊಂಡು ಎರಡು ಮಳೆಗಾಲ ತಳ್ಳಿದೆ. ಮೂರನೆಯದರಲ್ಲಿ ಕೆನ್ನೆ ಊದಿ ಹಲಸಿನ ಹಣ್ಣಾಯಿತು. ಇನ್ನು ಆಗುವುದಿಲ್ಲವೆಂದು ಹತ್ತಿದೆ.

“ಕಿತ್ತು ಹಾಕಿ ಡಾಕ್ಟ್ರಮ್ಮ, ಪೀಡೆ ಹೋಗ್ಲಿ” ಎಂದೆ ಕುರ್ಚಿಯಲ್ಲಿ ಕೂರುವ ಮೊದಲೇ.

ಅವರು ಕನ್ನಡಕದ ಮೇಲಿನಿಂದ ನೋಡಿದರು. ಕುಳ್ಳಗಿನ ಹೆಂಗಸು, ಐವತ್ತರ ಹತ್ತಿರ, ಬೇಸಿಗೆಯಲ್ಲೂ ಒಂದು ಹಸಿರು ಸ್ವೆಟರು. “ಕೀಳೋದು ಐದು ನಿಮಿಷದ ಕೆಲ್ಸ ರೈಟ್ರೇ. ಆಮೇಲೆ ಹಲ್ಲಿಲ್ದೇ ಇರೋದು ಸಾಯೋ ತನಕ. ಯಾವ್ದು ಬೇಕು?” ಎಂದರು. ನಾನು ಬಾಯಿ ತೆರೆದೆ.

ಅವರ ಜೀವನದ ಜಗಳವೇ ಅದಾಗಿತ್ತು. ನಮ್ಮ ಕಡೆ ಹಲ್ಲಿನ ಡಾಕ್ಟರೆಂದರೆ ಹಲ್ಲು ಕೀಳುವವರು. ‘ಸಿಮೆಂಟ್ ಹಾಕಿಸಿಕೊಳ್ಳುವುದು’ ಕೆಲಸವಿಲ್ಲದವರ ಶೋಕಿ. ಮೊದಮೊದಲು ಅವರು ತೋಟದವರಿಗೆ ತಿಳಿಯಲೆಂದು ಒಂದು ಹೋಲಿಕೆ ಕೊಡುತ್ತಿದ್ದರಂತೆ: “ಗಿಡಕ್ಕೆ ಬೋರರ್ ಹುಳ ಹೊಕ್ತು ಅಂತ ಗಿಡ ಕಿತ್ತು ಬಿಸಾಕ್ತೀರಾ?” ಒಬ್ಬ ಬೆಳೆಗಾರರು ಬಾಯಿ ತೆರೆದುಕೊಂಡೇ, “ಹೌದಲ್ಲ ಮಾರಾಯ್ರೆ, ಬೋರರ್ ಬಂದ್ರೆ ಕಿತ್ತು ಸುಡೋದೇ, ಬೇರೆ ಮದ್ದಿಲ್ಲ” ಎಂದರಂತೆ. ಆಮೇಲೆ ಆ ಹೋಲಿಕೆಯನ್ನು ಕೈಬಿಟ್ಟರು. ಕುರ್ಚಿ ಹತ್ತಿದವರೆಲ್ಲ ತಾವೇ ಮೊದಲು ಎಂಬಂತೆ ಹಲ್ಲು–ಕಡಲೆಯ ಗಾದೆ ಹೇಳಿ ನಗುತ್ತಿದ್ದುದೂ ಅವರಿಗೆ ಸಾಕಾಗಿ ಹೋಗಿತ್ತು. “ಇನ್ನೊಬ್ಬರು ಆ ಗಾದೆ ಹೇಳಿದ್ರೆ ಅವ್ರ ಹಲ್ಲು ಇಂಜೆಕ್ಷನ್ ಇಲ್ದೇ ಕೀಳ್ತೀನಿ ನೋಡಿ” ಎನ್ನುತ್ತಿದ್ದರು.

ಡಾಕ್ಟರಮ್ಮ ಎಂದರೆ ಜನಕ್ಕೆ ನೆನಪಾಗುವುದು ಅವರು ಮೊದಲೇ ಹೇಳಿಬಿಡುತ್ತಿದ್ದ ರೀತಿ. ‘ನೋವಾಗಲ್ಲ’ ಎಂಬ ಮಾತು ಅವರ ಬಾಯಲ್ಲಿ ಬರುತ್ತಲೇ ಇರಲಿಲ್ಲ. ಆವತ್ತು ನನಗೂ ಕೈ ತೊಳೆಯುತ್ತ ಹೇಳಿದರು.

“ನೋಡಿ ರೈಟ್ರೇ, ಏನೇನಾಗುತ್ತೆ ಅಂತ ಮೊದ್ಲೇ ಹೇಳ್ತೀನಿ. ಆಮೇಲೆ ಬೈಬಾರ್ದು. ಮೊದ್ಲು ಇಂಜೆಕ್ಷನ್. ಇದು ನೋವಾಗುತ್ತೆ.”

“ಎಷ್ಟು ಡಾಕ್ಟ್ರಮ್ಮ?”

“ಚಗಳಿ ಕಚ್ಚಿದಷ್ಟು. ಒಂದೇ ಚಗಳಿ, ಗೂಡಲ್ಲ.”

ಚಗಳಿ ಎಂದರೆ ಗಿಡದ ಎಲೆ ಸೇರಿಸಿ ಗೂಡು ಕಟ್ಟುವ ಕೆಂಪಿರುವೆ. ಕಾಫಿ ಹಣ್ಣು ಕೊಯ್ಯುವವರಿಗೆ ಅದರ ಕಡಿತವನ್ನು ವಿವರಿಸಬೇಕಾಗಿಲ್ಲ. ಡಾಕ್ಟರಮ್ಮನ ನೋವಿನ ಅಳತೆಯೆಲ್ಲ ತೋಟದ್ದೇ. ಇಂಬಳ, ಅಂದರೆ ಜಿಗಣೆ, ಹತ್ತಿದಷ್ಟು ಎಂದರೆ ಗೊತ್ತೇ ಆಗುವುದಿಲ್ಲ ಎಂದರ್ಥ. ಅದರ ಮೇಲೆ ಚಗಳಿ. ಕೊನೆಯದು ಕಣಜ. ಕಣಜ ಎಂದದ್ದು ಬಹಳ ಕಡಿಮೆ. ಒಮ್ಮೆ ದೊಡ್ಡ ಸಾಹುಕಾರರೊಬ್ಬರಿಗೆ ಹಾಗೆಂದಾಗ ಅವರು ಕೊರಳಿಗೆ ಕಟ್ಟಿದ ಬಟ್ಟೆಯ ಸಮೇತ ಎದ್ದು ಹೋಗಿ ಕಾರಿನಲ್ಲಿ ಕೂತರಂತೆ. ಡಾಕ್ಟರಮ್ಮ ಕಿಟಕಿಯಿಂದಲೇ, “ಆ ಬಟ್ಟೆ ಒಗೆದು ಕಳ್ಸಿ ಸಾಹುಕಾರ್ರೇ” ಎಂದು ಕೂಗಿದರಂತೆ.

“ಆಮೇಲೆ ತುಟಿ ದಪ್ಪ ಆದಂಗೆ ಅನ್ಸುತ್ತೆ. ಆಗಿರಲ್ಲ. ಮಿಷನ್ನಿನ ಶಬ್ದ ಕೆಟ್ಟದಾಗಿರುತ್ತೆ, ಅದ್ರ ಕೆಲ್ಸ ಅಷ್ಟು ಕೆಟ್ಟದಲ್ಲ. ಕೊಂಬು ಸುಟ್ಟಂಗೆ ವಾಸ್ನೆ ಬರುತ್ತೆ, ಅದು ನಿಮ್ಮದೇ ಹಲ್ಲು. ಬಾಯಲ್ಲಿ ನೀರು ತುಂಬಿ ಮುಳುಗಿ ಹೋದೆ ಅನ್ಸುತ್ತೆ. ಈ ಕುರ್ಚೀಲಿ ಇಲ್ಲಿ ತನಕ ಯಾರೂ ಮುಳುಗಿಲ್ಲ. ನಡುವೆ ಒಂದ್ಸಲ ಜುಮ್ ಅಂದ್ರೆ ಎಡಗೈ ಎತ್ತಿ. ಬಲಗೈ ಎತ್ಬೇಡಿ, ಅಲ್ಲಿ ನಾನಿರ್ತೀನಿ.”

ಎಲ್ಲವೂ ಹಾಗೆಯೇ, ಅದೇ ಕ್ರಮದಲ್ಲಿ ಆಯಿತು. ಹೆದರಿಕೆಯೂ ಇತ್ತು, ಆದರೆ ಮುಂದೆ ಏನು ಬರುತ್ತದೆಂದು ಗೊತ್ತಿದ್ದ ಹೆದರಿಕೆ. ಅರ್ಧ ಕೊರೆದಾಗ ಕರೆಂಟು ಹೋಯಿತು. ನನ್ನ ಜೀವ ಬಾಯಿಗೆ ಬಂತು. ಅವರು ಮಾತ್ರ, “ಇದನ್ನ ಹೇಳೋಕೆ ಮರ್ತಿದ್ದೆ. ಜೂನಲ್ಲಿ ಕಳಸದಲ್ಲಿ ಹಲ್ಲು ಕೊರೆದ್ರೆ ಕರೆಂಟು ಹೋಗೇ ಹೋಗುತ್ತೆ” ಎಂದು ಸ್ಟೂಲಿನ ಮೇಲೆ ಕೂತು ಸಕ್ಕರೆಯಿಲ್ಲದ ಕಾಫಿ ಕುಡಿದರು. ಹಲ್ಲಿನ ಡಾಕ್ಟರು ಸಕ್ಕರೆ ಬಿಟ್ಟಿದ್ದನ್ನು ಊರಿನವರು ಯಾರೂ ಹಲ್ಲಿಗೆ ಸೇರಿಸಿ ಯೋಚಿಸಿರಲಿಲ್ಲ. ‘ಪಾಪ, ಡಾಕ್ಟ್ರಮ್ಮಂಗೂ ಶುಗರ್ ಇದೆಯಂತೆ’ ಎಂದೇ ನಂಬಿದ್ದರು.

ಕೊನೆಯಲ್ಲಿ ಒಂದು ಶಾಸ್ತ್ರವಿತ್ತು. ಆಗೆಲ್ಲ ಅವರು ತುಂಬುತ್ತಿದ್ದುದು ಬೆಳ್ಳಿಬಣ್ಣದ ಫಿಲ್ಲಿಂಗು. ಅದು ಗಟ್ಟಿಯಾಗಲು ಒಂದು ದಿನ ಬೇಕು. ಅವರು ಗೋಡೆಯ ಗಡಿಯಾರ ನೋಡಿ, “ಈಗ ಹನ್ನೊಂದೂ ಕಾಲು. ಈ ಕಡೆ ಅಗೀಬೇಡಿ, ನಾಳೆ ಹನ್ನೊಂದೂ ಕಾಲರ ತನಕ. ಎಲ್ಲಿ ಹೇಳಿ ನೋಡಣ” ಎನ್ನುತ್ತಿದ್ದರು. ದಪ್ಪಗಾದ ತುಟಿಯಲ್ಲಿ ನಾವು ಅದನ್ನು ತೊದಲಿ ಒಪ್ಪಿಸಬೇಕು. ಒಪ್ಪಿಸುವ ತನಕ ಕುರ್ಚಿಯಿಂದ ಇಳಿಯಲು ಬಿಡುತ್ತಿರಲಿಲ್ಲ. ಹಾಗೆ ಒಪ್ಪಿಸಿ ಕೆಳಗಿಳಿದವರು ಸೀದಾ ಹೋಟೆಲಿಗೆ ಹೋಗಿ ಅದೇ ಕಡೆಯಿಂದ ಚಕ್ಕುಲಿ ಮುರಿಯುತ್ತಿದ್ದರು. ಅದೂ ಅವರಿಗೆ ಗೊತ್ತಿತ್ತು. “ಈ ಊರಲ್ಲಿ ನನ್ನ ಮಾತು ಕೇಳೋರು ಒಬ್ರೂ ಇಲ್ಲ ರೈಟ್ರೇ. ಗೋಡೆಗೆ ಹೇಳಿದ್ರೆ ಗೋಡೆನಾದ್ರೂ ಕೇಳ್ತಿತ್ತು” ಎಂದು ನಾನು ಹೋದಾಗಲೆಲ್ಲ ಬೈಯುತ್ತಿದ್ದರು. ಎಲೆಅಡಿಕೆಗೆ ಹೊಗೆಸೊಪ್ಪು ಸೇರಿಸಬೇಡಿ ಎಂದು ಹೇಳಿ ಹೇಳಿ ಅವರ ಗಂಟಲೇ ಒಣಗಿತ್ತು. ಆಳುಗಳು ‘ಹೂಂ ಅಮ್ಮ’ ಎಂದು ತಲೆಯಾಡಿಸಿ, ಮೆಟ್ಟಿಲಿಳಿಯುತ್ತಲೇ ಸೊಂಟದ ಚೀಲ ಬಿಚ್ಚುತ್ತಿದ್ದರು. ನಾನು ನೋಡಿ ನಗುತ್ತಿದ್ದೆ.

ಇನ್ನು ಸುಂದರಿಯ ವಿಷಯಕ್ಕೆ ಬರಬೇಕು.

ಸುಂದರಿ ನಮ್ಮ ಎಸ್ಟೇಟಿನ ಲೈನಿನಲ್ಲಿದ್ದ ಹೆಂಗಸು. ಲೈನ್ ಎಂದರೆ ಆಳುಗಳಿಗೆಂದು ಸಾಲಾಗಿ ಕಟ್ಟಿಸಿದ ಮನೆಗಳು. ಗಂಡ ಮರಗಸಿ, ಅಂದರೆ ನೆರಳಿನ ಮರದ ಕೊಂಬೆ ಕಡಿಯುವ ಕೆಲಸ, ಮಾಡುವಾಗ ಸಿಲ್ವರ್ ಮರದಿಂದ ಬಿದ್ದು ತೀರಿಕೊಂಡಿದ್ದ. ಒಬ್ಬಳೇ ಮಗಳು ರಮ್ಯ. ಹಣ್ಣು ಕೊಯ್ಯುವುದರಲ್ಲಿ ಸುಂದರಿಯನ್ನು ಮೀರಿಸುವವರು ನಮ್ಮಲ್ಲಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಜನ ಇರುತ್ತಾರಲ್ಲ, ಅಂಥವಳು. ‘ಈ ಸಾಲು ಮುಗಿಸಿ ಬಾ’ ಎಂದರೆ, ಸಾಲಿನ ಕೊನೆಯ ಗಿಡ ಪಕ್ಕದ ತೋಟದ್ದಾದರೂ ಮುಗಿಸಿ ಬರುವವಳು. ಒಂದು ಮಳೆಗಾಲದ ಶುರುವಿನಲ್ಲಿ ಬಲದವಡೆ ಹಿಡಿದುಕೊಂಡು ಅಳುತ್ತ ಬಂದಳು. ಜೀಪು ಹತ್ತಿಸಿ ಕರೆದುಕೊಂಡು ಹೋದೆ. ಡಾಕ್ಟರಮ್ಮ ಎಂದಿನಂತೆ ಎಲ್ಲ ಹೇಳಿ ಫಿಲ್ಲಿಂಗು ಮಾಡಿದರು. ನೋವು ಹೋಯಿತು. ಇದು ನಡೆದದ್ದು ಹತ್ತು ವರ್ಷದ ಹಿಂದೆ.

ಆಮೇಲೆ ಎಂಟು ವರ್ಷ ಅವಳು ಆ ಮೆಟ್ಟಿಲು ಹತ್ತಲಿಲ್ಲ. ಹತ್ತುವ ಕಾರಣವೇ ಬರಲಿಲ್ಲ. ಎಂಟನೆಯ ವರ್ಷ, ದೀಪಾವಳಿ ಕಳೆದು ಕುಯ್ಲು ಶುರುವಾದ ವಾರ, ನಾನು ಹಾಜರಿ ಕರೆದಾಗ ಅವಳ ‘ಬಂದೆ’ ಸರಿಯಾಗಿ ಕೇಳಿಸಲಿಲ್ಲ. ಎಂತ ಆಯ್ತು ಎಂದರೆ, “ಬಾಯಿ ತೆಗೆಯೋಕೆ ಆಗ್ತಿಲ್ಲ ರೈಟ್ರೇ, ಖಾರ ತಾಗಿದ್ರೆ ಉರೀತದೆ. ನೋವೇನಿಲ್ಲ” ಎಂದಳು. ನೋವಿಲ್ಲವಲ್ಲ ಎಂದು ನಾನೂ ಹದಿನೈದು ದಿನ ಸುಮ್ಮನಿದ್ದೆ. ಕುಯ್ಲಿನ ಹೊತ್ತು ಬೇರೆ.

ಕರೆದುಕೊಂಡು ಹೋದ ದಿನ ಕ್ಲಿನಿಕ್ಕಿನಲ್ಲಿ ಬೇರೆ ಯಾರೂ ಇರಲಿಲ್ಲ. ಸುಂದರಿಯ ಬಾಯಿ ಎರಡು ಬೆರಳು ಹೋಗುವಷ್ಟು ಮಾತ್ರ ತೆರೆಯಿತು. ಡಾಕ್ಟರಮ್ಮ ಸಣ್ಣ ಕನ್ನಡಿ ಹಾಕಿ ಬಲಗಡೆ ನೋಡಿದರು. ಅವರ ಮುಖ ಅರಳಿತು.

“ರೈಟ್ರೇ, ಬನ್ನಿ ಇಲ್ಲಿ, ನೋಡಿ. ಇದು ನಾನು ಹಾಕಿದ್ದು. ಎಂಟು ವರ್ಷ ಆಯ್ತು ಅಂತೀರಿ. ಒಂದು ಗೀರು ಬಿದ್ದಿಲ್ಲ. ನಿನ್ನೆ ಹಾಕಿದಂಗಿದೆ.” ನಾನು ಬಗ್ಗಿ ನೋಡಿದೆ. ಹಲ್ಲಿನ ನಡುವೆ ಬೆಳ್ಳಿಯ ಚುಕ್ಕಿ ಮಿರಿಮಿರಿ ಎನ್ನುತ್ತಿತ್ತು. “ಎಲೆಅಡಿಕೆ ಹಾಕೋ ಬಾಯಲ್ಲಿ ಇಷ್ಟು ಚೆನ್ನಾಗಿ ಹೆಂಗೆ ಉಳಿಸ್ಕೊಂಡೆ ಮಾರಾಯ್ತಿ?”

ಸುಂದರಿ ಹೆಮ್ಮೆಯಿಂದಲೇ ಹೇಳಿದಳು. “ನೀವೇ ಹೇಳಿದ್ದಲ್ವಾ ಅಮ್ಮ, ಈ ಕಡೆ ಅಗೀಬೇಡ ಅಂತ. ಅವತ್ತಿಂದ ಒಂದು ಅಗುಳು ಅನ್ನ ಕೂಡ ಈ ಕಡೆ ಹಾಕಿಲ್ಲ. ಊಟ, ಎಲೆಅಡಿಕೆ, ಹೊಗೆಸೊಪ್ಪು, ಎಲ್ಲ ಆ ಕಡೆಗೇ.”

ಡಾಕ್ಟರಮ್ಮನ ಕೈಯಲ್ಲಿದ್ದ ಕನ್ನಡಿ ಅಲ್ಲೇ ನಿಂತಿತು. “ಮಲಗುವಾಗ್ಲೂ?” ಎಂದು ಕೇಳಿದರು.

“ಹೂಂ. ಮೊದ್ಲು ಈ ದವಡೆಲಿ ಒಂದು ಉಂಡೆ ಇಟ್ಕೊಂಡು ಮಲಗ್ತಿದ್ದೆ. ನೀವು ಹೇಳಿದ ಮೇಲೆ ಆ ದವಡೆಗೆ ಇಟ್ಟೆ.”

ಆಗ ದೀಪವನ್ನು ಎಡಕ್ಕೆ ತಿರುಗಿಸಿದರು. ನನ್ನನ್ನು ನೋಡಲು ಕರೆಯಲಿಲ್ಲ, ನಾನೂ ಹೋಗಲಿಲ್ಲ. ಬಹಳ ಹೊತ್ತು ನೋಡಿದರು. ಮುಂದೇನಾಗುತ್ತದೆಂದು ಮೊದಲೇ ಹೇಳುವ ಹೆಂಗಸು ಏನೂ ಹೇಳದೆ ಕೈಗವಸು ತೆಗೆದದ್ದನ್ನು ನಾನು ನೋಡಿದ್ದು ಅದೇ ಮೊದಲು. ಮೇಜಿನ ಹತ್ತಿರ ಹೋಗಿ ಒಂದು ಕಾಗದ ಬರೆದರು. “ಇದು ಹಲ್ಲಿಂದಲ್ಲ ಸುಂದರಿ. ನಾಳೆನೇ ಮಂಗಳೂರಿಗೆ ಹೋಗ್ಬೇಕು” ಎಂದರು.

“ಕುಯ್ಲು ಶುರುವಾಗಿದ್ಯಲ್ಲ ಅಮ್ಮ. ನೋವೂ ಇಲ್ಲ.”

“ಕುಯ್ಲು ಹಾಳಾಗಿ ಹೋಗ್ಲಿ. ನಾನೇ ಬರ್ತೀನಿ ನಿನ್ನ ಜೊತೆ.”

ಸುಂದರಿ ಮೆಟ್ಟಿಲಿಳಿದು ಹೋದ ಮೇಲೆ ಡಾಕ್ಟರಮ್ಮ ರೋಗಿಗಳ ಕುರ್ಚಿಯಲ್ಲಿ ತಾವೇ ಕೂತರು. ನಾನು ಬಾಗಿಲಲ್ಲಿ ನಿಂತಿದ್ದೆ. “ಎಲ್ರಿಗೂ ಗಡಿಯಾರ ನೋಡಿ ಟೈಮ್ ಹೇಳ್ತೀನಿ ರೈಟ್ರೇ. ಅವ್ರ ಬಾಯಿಂದ ಹೇಳಿಸ್ತೀನಿ. ಇವಳಿಗೆ ‘ನಾಳೆ ತನಕ’ ಅನ್ನೋದನ್ನ ಹೇಳದೇ ಬಿಟ್ಟಿರ್ಬೇಕು” ಎಂದರು. ಹೊಗೆಸೊಪ್ಪು ಎಡಗಡೆ ಇಟ್ಟರೂ ಅದೇ, ಬಲಗಡೆ ಇಟ್ಟರೂ ಅದೇ, ನೀವೇನು ಇಡು ಎಂದಿರಾ ಎಂದು ಸಮಾಧಾನ ಮಾಡಲು ನೋಡಿದೆ. “ಅದು ನಂಗೂ ಗೊತ್ತು. ಆದ್ರೆ ನೋವು ಬರ್ತಿದ್ದ ಹಲ್ಲಿನ ಕಡೆ ಇಟ್ಟಿದ್ರೆ ಆ ಹಲ್ಲು ಆಗಾಗ ಇವಳನ್ನ ನನ್ನ ಹತ್ರ ಕರ್ಕೊಂಡು ಬರ್ತಿತ್ತು. ನಾನು ನೋಡ್ತಿದ್ದೆ. ಇಷ್ಟು ವರ್ಷ ಊರಿಗೆಲ್ಲ ಬೈದೆ, ನನ್ನ ಮಾತು ಯಾರೂ ಕೇಳಲ್ಲ ಅಂತ. ಕೇಳಿದವಳು ಇವಳೊಬ್ಬಳು” ಎಂದರು.

ಫಿಲ್ಲಿಂಗು ಮಾಡಿದ ದಿನ ಏನು ನಡೆದಿತ್ತೆಂದು ಅವರಿಗೆ ನೆನಪಿರಲಿಲ್ಲ. ನನಗಿತ್ತು.

ಆ ಮಳೆಗಾಲದ ದಿನ ನಾನು ಕೆಳಗೆ ಗೊಬ್ಬರದ ಅಂಗಡಿಯ ಮುಂದೆ ನಿಂತಿದ್ದೆ. ಊಟದ ಹೊತ್ತು ಮೀರಿತ್ತು. ಹಳ್ಳ ಏರಿದರೆ ಜೀಪು ದಾಟುವುದಿಲ್ಲ ಎಂದು ಡ್ರೈವರನಿಗೆ ಹೇಳಿದೆನಾದರೂ ನಿಜ ಸಂಗತಿ ನನ್ನ ಹಸಿವು. ಹಾರ್ನ್ ಹೊಡೆಸಿದೆ. ಮತ್ತೆ ಹೊಡೆಸಿದೆ. “ಆಯ್ತೇನೇ ಸುಂದರಿ, ಬಾ ಬೇಗ” ಎಂದು ಮೆಟ್ಟಿಲ ಬುಡದಿಂದ ಕೂಗಿದೆ. ಮೇಲಿನಿಂದ ಡಾಕ್ಟರಮ್ಮ “ಈ ಕಡೆ ಅಗೀಬೇಡ” ಎನ್ನುವುದೂ, ಸುಂದರಿ ದಡಬಡ ಇಳಿಯುವುದೂ ಒಟ್ಟಿಗೆ ಕೇಳಿಸಿತು. “ಏ ನಿಲ್ಲೇ, ಇನ್ನೂ ಮುಗ್ದಿಲ್ಲ” ಎಂದು ಅವರು ಕೂಗಿದರು. ಆ ಉಳಿದ ಮಾತು ನನಗೆ ಬಾಯಿಪಾಠ ಬರುತ್ತಿತ್ತಲ್ಲ. “ನಂಗೆ ಗೊತ್ತು ಡಾಕ್ಟ್ರಮ್ಮ, ನಾನು ಹೇಳ್ತೀನಿ ಬಿಡಿ” ಎಂದು ಕೂಗಿ ಜೀಪು ಹತ್ತಿದೆ. ದಾರಿಯಲ್ಲಿ ಹಿಂದೆ ಕೂತವಳಿಗೆ ಅದನ್ನು ಹೇಳಲಿಲ್ಲ. ಬೇಕೆಂದು ಬಿಟ್ಟದ್ದಲ್ಲ, ಡ್ರೈವರನ ಜೊತೆ ಏನೋ ಮಾತಿಗೆ ಬಿದ್ದೆ, ಮರೆತೆ. ‘ನಾಳೆ ತನಕ’ ಎಂಬ ಎರಡು ಮಾತು ಅಷ್ಟೇ.

ಬಾಗಿಲಲ್ಲಿ ನಿಂತು ಇದೆಲ್ಲ ನೆನಪಾಗಿಯೂ ನಾನು ಬಾಯಿ ಬಿಡಲಿಲ್ಲ. ಮಂಗಳೂರಿನಿಂದ ಬಂದ ಮೇಲೆ ಹೇಳೋಣ, ಒಳ್ಳೆ ಸುದ್ದಿ ಬಂದರೆ ಹೇಳುವುದು ಸುಲಭ ಎಂದುಕೊಂಡೆ.

ಒಳ್ಳೆ ಸುದ್ದಿ ಬರಲಿಲ್ಲ. ಡಾಕ್ಟರಮ್ಮ ಕ್ಲಿನಿಕ್ಕಿಗೆ ಬೀಗ ಹಾಕಿ, ಚಾರ್ಮಾಡಿ ಘಾಟಿ ಇಳಿದು ಹತ್ತಿ, ನಾಲ್ಕು ಸಲ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಘಾಟಿಯ ತಿರುವುಗಳಲ್ಲಿ ಅವಳಿಗೆ ವಾಂತಿಯಾಗದಿರಲೆಂದು ನಿಂಬೆಹಣ್ಣು ಹಿಡಿದುಕೊಂಡು ಪಕ್ಕದಲ್ಲೇ ಕೂರುತ್ತಿದ್ದರಂತೆ. ಆಪರೇಷನ್ ಮಾಡುವ ಹಂತ ದಾಟಿದೆ ಎಂದು ಅಲ್ಲಿಯ ದೊಡ್ಡ ಡಾಕ್ಟರು ಹೇಳಿದರು. ಕ್ಯಾನ್ಸರ್ ಮೂಳೆಗೂ ಕುತ್ತಿಗೆಗೂ ಹೋಗಿತ್ತು. ಕರೆಂಟು, ಅಂದರೆ ರೇಡಿಯೇಷನ್, ಕೊಡಿಸಿದರು, ಮದ್ದು ಕೊಟ್ಟರು. ಜನವರಿಯಲ್ಲಿ ಇನ್ನು ಬರುವುದು ಬೇಡ, ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿದರು.

ಅದರ ಮುಂದಿನ ಭಾನುವಾರ ಮಧ್ಯಾಹ್ನ ಡಾಕ್ಟರಮ್ಮ ಲೈನಿಗೆ ಬಂದರು. ನಾನೂ ಜೊತೆಗಿದ್ದೆ. ಸುಂದರಿ ಜಗುಲಿಯಲ್ಲಿ ಗೋಡೆಗೊರಗಿ ಬಿಸಿಲಿಗೆ ಕೂತಿದ್ದಳು. ಎಡಗೆನ್ನೆಗೆ ಬಟ್ಟೆ ಕಟ್ಟಿತ್ತು. ಪಕ್ಕದಲ್ಲಿ ರಮ್ಯ ತಿಳಿಗಂಜಿ ಆರಿಸುತ್ತಿದ್ದಳು. ಕಳಸದ ಕಾಲೇಜಿನಲ್ಲಿ ಎರಡನೇ ಪಿಯುಸಿ ಓದುತ್ತಿದ್ದ ಹುಡುಗಿ, ನರ್ಸಿಂಗಿಗೆ ಹೋಗಬೇಕೆಂದಿದ್ದಳು. ಡಾಕ್ಟರಮ್ಮ ಸೆರಗು ಮಡಚಿಕೊಂಡು ಮೆಟ್ಟಿಲ ಮೇಲೆ ಕೂತರು. ಸುಂದರಿ ಮಗಳನ್ನು ನೀರು ತರಲು ಕಳಿಸಿ, ನಿಧಾನವಾಗಿ, ಒಂದೊಂದೇ ಮಾತು ಹೊರಡಿಸಿ ಹೇಳಿದಳು.

“ಅಮ್ಮ, ಮಂಗ್ಳೂರಲ್ಲಿ ಯಾರೂ ಎಂತದೂ ಹೇಳಲ್ಲ. ಧೈರ್ಯವಾಗಿರು ಅಂತಾರೆ. ಅವತ್ತು ಹಲ್ಲಿಗೆ ಮೊದ್ಲೇ ಎಲ್ಲ ಹೇಳಿದ್ರಲ್ಲ, ಹಂಗೆ ಹೇಳಿ. ಇನ್ನು ಮುಂದೆ ಎಂತ ಆಗುತ್ತೆ?”

ಡಾಕ್ಟರಮ್ಮ ನನ್ನ ಮುಖ ನೋಡಿದರು. ನಾನು ಅಂಗಳ ನೋಡಿದೆ. ಅವರು ಸುಳ್ಳು ಹೇಳಲಿ ಎಂದು ನಾನು ಆಗ ದೇವರನ್ನು ಬೇಡಿಕೊಂಡೆ. 

ಅವರು ಹೇಳಿದರು. ಬಾಯಿ ಇನ್ನೂ ಸಣ್ಣದಾಗುತ್ತೆ, ಗಂಜಿಯೂ ಇಳಿಯದ ದಿನ ಬರುತ್ತೆ, ಆಗ ಮೂಗಿನಲ್ಲಿ ನಳಿಗೆ ಹಾಕಬೇಕಾಗುತ್ತೆ. ವಾಸನೆ ಬರುತ್ತೆ, ಅದಕ್ಕೆ ನಾಚಿಕೆ ಪಡಬೇಡ. ನೋವು ಜಾಸ್ತಿಯಾಗುತ್ತೆ, ಅದಕ್ಕೆ ಮದ್ದಿದೆ, ಅದನ್ನು ನಾನು ತರುತ್ತೇನೆ. ಎಷ್ಟು ನೋವು ಎಂದು ಅವಳು ಕೇಳಲಿಲ್ಲ, ಅವರೂ ಅಳತೆ ಹೇಳಲಿಲ್ಲ.

“ರಮ್ಯನ ಪರೀಕ್ಷೆ ಮಾರ್ಚಲ್ಲಿ. ಅಲ್ಲಿ ತನಕ ಇರ್ತೀನಾ?”

“ಇರಲ್ಲ” ಎಂದರು ಡಾಕ್ಟರಮ್ಮ.

ಸುಂದರಿ ತಲೆಯಾಡಿಸಿದಳು. ಸಾಲು ಎಲ್ಲಿಗೆ ಮುಗಿಯುತ್ತದೆಂದು ಮೇಸ್ತ್ರಿ ತೋರಿಸಿದಾಗ ಆಡಿಸುವ ಹಾಗೆ. ಆಮೇಲೆ ನನ್ನ ಕಡೆ ತಿರುಗಿದಳು. “ಹಂಗಾದ್ರೆ ರೈಟ್ರೇ, ನಾಳೆಯಿಂದ ನನ್ನ ಹೆಸರು ತೆಗೆದು ರಮ್ಯನ ಹೆಸರು ಬರ್ಕೊಳ್ಳಿ.”

ನಮ್ಮ ಎಸ್ಟೇಟಿನ ರಿವಾಜು ಅವಳಿಗೂ ಗೊತ್ತು, ನನಗೂ ಗೊತ್ತು. ಮನೆಯಿಂದ ಒಬ್ಬರಾದರೂ ಹಾಜರಿಯಲ್ಲಿದ್ದರೆ ಮಾತ್ರ ಲೈನಿನ ಮನೆ. ಅಸ್ಸಾಮಿನಿಂದ ಬಂದ ಎರಡು ಸಂಸಾರ ಆಗಲೇ ಗೊಬ್ಬರದ ಶೆಡ್ಡಿನಲ್ಲಿ ಮಲಗುತ್ತ ಯಾವ ಮನೆ ಖಾಲಿಯಾಗುತ್ತದೆಂದು ಕಾಯುತ್ತಿದ್ದವು.

ಡಾಕ್ಟರಮ್ಮ ಎದ್ದು ನಿಂತರು. “ಬರ್ಕೋಬೇಡಿ ರೈಟ್ರೇ. ಎರಡು ತಿಂಗಳಿದೆ ಪರೀಕ್ಷೆಗೆ. ಸುಂದರಿ, ಅವಳು ನನ್ನ ಮನೇಲಿ ಇರ್ಲಿ, ಅಲ್ಲಿಂದ ಓದ್ಲಿ” ಎಂದರು.

“ಎಷ್ಟು ದಿನ ಅಮ್ಮ? ನಿಮ್ಗೂ ವಯಸ್ಸಾಯ್ತು. ನಾನು ಇರುವಾಗ್ಲೇ ಹೆಸರು ಬಿದ್ರೆ ಮನೆ ಉಳೀತದೆ. ಸತ್ತ ಮೇಲೆ ಕೇಳಿದ್ರೆ ಅದು ಭಿಕ್ಷೆ ಆಗ್ತದೆ. ಪರೀಕ್ಷೆ ಬರೋ ವರ್ಷನೂ ಬರ್ತದೆ, ಮನೆ ಬರಲ್ಲ.” ಅಷ್ಟು ಮಾತಾಡಿದ್ದಕ್ಕೆ ಕೆನ್ನೆಯ ಬಟ್ಟೆ ಒದ್ದೆಯಾಯಿತು. “ನೀವು ನಿಜ ಹೇಳಿದ್ದು ಒಳ್ಳೇದಾಯ್ತು. ಇಲ್ದಿದ್ರೆ ಮಾರ್ಚ್ ತನಕ ಇರ್ತೀನಿ ಅಂತ ಕೂತಿರ್ತಿದ್ದೆ.”

ನಾನು ಎಸ್ಟೇಟಿನ ಸಾಹುಕಾರರ ಹತ್ತಿರ ಮಾತಾಡುತ್ತೇನೆ ಎಂದೆ. ನಾನು ಮಾತಾಡುವುದಿಲ್ಲ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ರಮ್ಯ ನೀರಿನ ಚೊಂಬು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

ಸುಂದರಿ ಫೆಬ್ರವರಿಯಲ್ಲಿ ತೀರಿಕೊಂಡಳು. ರಮ್ಯ ಮುಂದಿನ ವರ್ಷವೂ ಪರೀಕ್ಷೆಗೆ ಕಟ್ಟಲಿಲ್ಲ, ಅದರ ಮುಂದಿನ ವರ್ಷವೂ. ಈಗ ಕಣದಲ್ಲಿ ಕಾಫಿ ಹರಡುತ್ತಾಳೆ. ಡಾಕ್ಟರಮ್ಮ ಕ್ಲಿನಿಕ್ಕು ನಡೆಸುತ್ತಿದ್ದರು, ಕೈ ಮೊದಲಿನಷ್ಟೇ ಮೆತ್ತಗಿತ್ತು, ಆದರೆ ಏನಾಗುತ್ತದೆಂದು ಹೇಳುವುದನ್ನು ನಿಲ್ಲಿಸಿದ್ದರು. ಬಾಯಿ ತೆರೆಯಿರಿ, ಮುಚ್ಚಿರಿ, ಅಷ್ಟೇ. ಕೊನೆಯಲ್ಲಿ ‘ನಾಳೆ ಇದೇ ಹೊತ್ತಿನ ತನಕ ಈ ಕಡೆ ಅಗಿಯಬೇಡಿ’ ಎಂದು ಅಚ್ಚು ಹಾಕಿದ ಒಂದು ಚೀಟಿ ಕೈಗೆ ಕೊಡುತ್ತಿದ್ದರು. ಡಾಕ್ಟರಮ್ಮನಿಗೆ ವಯಸ್ಸಾಯಿತು, ಮಾತು ಕಡಿಮೆಯಾಯಿತು ಎಂದು ಜನ ಅಂದುಕೊಂಡರು. ನಾನು ಮತ್ತೊಂದು ಹಲ್ಲು ತೋರಿಸಲು ಹೋದಾಗ ಆ ಚೀಟಿ ನನಗೂ ಸಿಕ್ಕಿತು. ಜೇಬಿಗಿಟ್ಟುಕೊಂಡು ಇಳಿದು ಬಂದೆ.

ಹೇಳುವುದಕ್ಕೆ ಅವಕಾಶ ಇರಲಿಲ್ಲವೆಂದಲ್ಲ. ಆ ಭಾನುವಾರದ ಮರುದಿನ, ಸೋಮವಾರ ಬೆಳಿಗ್ಗೆ, ನಾನು ಕಣದಲ್ಲಿ ನಿಂತು ಹಾಜರಿ ಕರೆದೆ. ಸುಂದರಿಯ ಹೆಸರಿದ್ದ ಜಾಗದಲ್ಲಿ ರಮ್ಯನ ಹೆಸರು ಓದಿದೆ. ಕಾಲೇಜಿಗೆ ಹಾಕಿಕೊಂಡು ಹೋಗುತ್ತಿದ್ದ ಚೂಡಿದಾರದ ಮೇಲೆಯೇ ಅಮ್ಮನ ಹಳೆಯ ಅಂಗಿ ತೊಟ್ಟಿದ್ದಳು. “ಬಂದೆ” ಎಂದಳು. ಆಳುಗಳು ಸಾಲು ಹಿಡಿದು ತೋಟಕ್ಕೆ ಹೋದ ಸ್ವಲ್ಪ ಹೊತ್ತಿಗೆ ಡಾಕ್ಟರಮ್ಮನ ಫೋನು ಬಂತು.

“ಬಂದ್ಲಾ ರೈಟ್ರೇ?”

“ಬಂದ್ಲು ಅಮ್ಮ.”

ನಾನು ಹಾಜರಿ ಪುಸ್ತಕ ಮುಚ್ಚಿದೆ.

“ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಅವಳಿಗೆ ಫಿಲ್ಲಿಂಗ್ ಮಾಡಿದ ದಿನ ನೀವು ಕೆಳಗೆ ಇದ್ರಿ ಅಂತ ಕಾಣುತ್ತೆ. ನಾನು ‘ನಾಳೆ ತನಕ’ ಅಂದಿದ್ನಾ? ಎಷ್ಟು ಯೋಚ್ನೆ ಮಾಡಿದ್ರೂ ನೆನಪಾಗ್ತಿಲ್ಲ. ನಿಮ್ಗೇನಾದ್ರೂ ಕೇಳ್ಸಿತ್ತಾ?”

“ನೆನಪಿಲ್ಲ ಡಾಕ್ಟ್ರಮ್ಮ” ಎಂದೆ.

“ಹೌದು ಬಿಡಿ” ಎಂದರು. “ನಿಮ್ಗೆ ಯಾಕೆ ನೆನಪಿರ್ಬೇಕು. ಹೇಳ್ಬೇಕಾಗಿದ್ದೋಳು ನಾನು.”